ಪ್ಯಾರಾಕ್ವಾಟ್ ಕಳೆನಾಶಕ: ಬಾಟಲಿ ತೆರೆಯುವ ಮುನ್ನ

ಮಳೆಗಾಲ ಹಿಡಿದು ಒಂದು ತಿಂಗಳಾಗುವಷ್ಟರಲ್ಲಿ ಅಡಿಕೆ, ಕಾಫಿ ತೋಟಗಳಲ್ಲಿ ಮೊಣಕಾಲುದ್ದ ಕಳೆ ನಿಲ್ಲುತ್ತದೆ. ಕಳೆ ಕೊಚ್ಚಲು ಆಳು ಸಿಗುವುದು ಕಷ್ಟ. ಸಿಕ್ಕರೂ ಕೂಲಿ ಕೊಟ್ಟು ಪೂರೈಸುವುದಿಲ್ಲ. ಇಂತಹ ಹೊತ್ತಿನಲ್ಲಿ ಬೇಸಾಯಗಾರರು ಕಳೆನಾಶಕದ ಮೊರೆ ಹೋಗುವುದು ಸಹಜ. ಪ್ಯಾರಾಕ್ವಾಟ್ ಡೈಕ್ಲೋರೈಡ್ ಎಂಬುದು ಅವುಗಳಲ್ಲಿ ಬಹಳ ಬಳಕೆಯಲ್ಲಿರುವುದು. ಬೆಳಿಗ್ಗೆ ಸಿಂಪರಿಸಿದರೆ ಸಂಜೆಯ ಹೊತ್ತಿಗೆ ಎಲೆ ಬಾಡಿರುತ್ತದೆ, ಎರಡು ಮೂರು ದಿನಗಳಲ್ಲಿ ಹಸಿರೆಲ್ಲ ಒಣಗಿ ಕಂದಾಗುತ್ತದೆ. ಇಷ್ಟು ಬೇಗ ಫಲ ಕಾಣುವ ರಾಸಾಯನಿಕದ ಮೇಲೆ ರೈತನಿಗೆ ನಂಬಿಕೆ ಹುಟ್ಟುವುದೂ ಸಹಜವೇ. ಆದರೆ ಕೀಟನಾಶಕವನ್ನು ಕಂಡು ಹೆದರುವಷ್ಟು ನಮ್ಮವರು ಕಳೆನಾಶಕವನ್ನು ಕಂಡು ಹೆದರುವುದಿಲ್ಲ. “ಹುಳ ಸಾಯಿಸುವುದಾದರೆ ವಿಷ ನಿಜ, ಇದು ಬರೀ ಹುಲ್ಲಿಗೆ ಹೊಡೆಯುವ ಔಷಧಿ” ಎಂಬ ಮಾತು ಹಳ್ಳಿಗಳಲ್ಲಿ ಸಾಮಾನ್ಯ. ಪ್ಯಾರಾಕ್ವಾಟಿನ ವಿಷಯದಲ್ಲಿ ಈ ತಿಳಿವಳಿಕೆ ಪ್ರಾಣಾಂತಿಕ. ಇದು ಹೊಟ್ಟೆಗೆ ಹೋದರೆ ಇದಕ್ಕೆ ಪ್ರತಿವಿಷವಿಲ್ಲ.

ಔಷಧಿ ಎಂಬ ಹೆಸರೇ ಇಲ್ಲಿ ಅರ್ಧ ಕೇಡು ಮಾಡಿದೆ ಎಂದರೆ ತಪ್ಪಾಗದು. ಈ ಲೇಖನದಲ್ಲಿ ಆ ಪದವನ್ನು ಬಿಟ್ಟು ವಿಷ ಎಂದೇ ಬರೆಯಲಾಗಿದೆ.

ಇದು ಕೆಲಸ ಮಾಡುವ ಬಗೆ

ಈ ರಾಸಾಯನಿಕವನ್ನು ಮೊದಲು ತಯಾರಿಸಿದ್ದು 1882ರಲ್ಲಿ. ಹಲವು ದಶಕಗಳ ಕಾಲ ಇದು ಪ್ರಯೋಗಶಾಲೆಯಲ್ಲಿ ಬಣ್ಣ ಬದಲಾಯಿಸಿ ತೋರುವ ಒಂದು ಸೂಚಕ ವಸ್ತುವಾಗಿ ಮಾತ್ರ ಇತ್ತು. ಕಳೆಗಳನ್ನು ಕೊಲ್ಲುವ ಇದರ ಗುಣ ಇಂಗ್ಲೆಂಡಿನಲ್ಲಿ 1955ರಲ್ಲಿ ಪತ್ತೆಯಾಗಿ, 1962ರಲ್ಲಿ ಇದು ಮಾರುಕಟ್ಟೆಗೆ ಬಂದಿತು. ನಮ್ಮಲ್ಲಿ ದೊರೆಯುವುದು ಹೆಚ್ಚಾಗಿ ಶೇಕಡ 24ರ ದ್ರಾವಣ.

ಹಸಿರೆಲೆಯು ಬಿಸಿಲಿನ ಶಕ್ತಿಯನ್ನು ಹಿಡಿದು ಆಹಾರ ತಯಾರಿಸುತ್ತದೆ ಎಂಬುದು ನಿಮಗೆ ತಿಳಿದೇ ಇದೆ. ಎಲೆಯೊಳಗೆ ಸೇರಿದ ಪ್ಯಾರಾಕ್ವಾಟ್ ಈ ಶಕ್ತಿಯ ಹರಿವನ್ನು ನಡುದಾರಿಯಲ್ಲಿ ಕಸಿದುಕೊಂಡು ಆಮ್ಲಜನಕಕ್ಕೆ ದಾಟಿಸುತ್ತದೆ. ಹೀಗೆ ಕೆರಳಿದ ಆಮ್ಲಜನಕವು ಜೀವಕೋಶಗಳ ಪೊರೆಯನ್ನೇ ಸುಟ್ಟು ಒಡೆಯುತ್ತದೆ, ಎಲೆ ಒಣಗುತ್ತದೆ. ಒಂದು ಕಣ ಇಷ್ಟು ಮಾಡಿ ಮುಗಿಯುವುದಿಲ್ಲ. ದಾಟಿಸಿದ ಮೇಲೆ ಅದು ಮೊದಲಿನ ರೂಪಕ್ಕೇ ಮರಳಿ, ಮತ್ತೆ ಕಸಿದು ಮತ್ತೆ ದಾಟಿಸುತ್ತದೆ. ಸ್ವಲ್ಪವೇ ವಿಷ ಬಹಳ ಹಾನಿ ಮಾಡುವುದು ಇದರಿಂದಲೇ.

ಇದು ತಾಗಿದ ಕಡೆ ಮಾತ್ರ ಕೊಲ್ಲುವ ಕಳೆನಾಶಕ. ಬೇರಿಗೆ ಇಳಿಯುವುದಿಲ್ಲ. ಆದುದರಿಂದ ಗರಿಕೆ, ಜೇಕು ಮುಂತಾದ ಬಹುವಾರ್ಷಿಕ ಕಳೆಗಳು ಮೇಲೆ ಒಣಗಿದರೂ ಕೆಲವು ವಾರಗಳಲ್ಲಿ ಗಡ್ಡೆಯಿಂದ ಮರಳಿ ಚಿಗುರುತ್ತವೆ. ಆಗ ಅನೇಕರು ಪ್ರಮಾಣ ಹೆಚ್ಚಿಸಿ ಮತ್ತೊಮ್ಮೆ ಸಿಂಪರಿಸುತ್ತಾರೆ. ಪ್ರಮಾಣ ಎಷ್ಟು ಹೆಚ್ಚಿಸಿದರೂ ಜೇಕಿನ ಗಡ್ಡೆ ಸಾಯದು. ಅಪಾಯ ಮಾತ್ರ ಹೆಚ್ಚುತ್ತದೆ.

ಇನ್ನೊಂದು ಗುಣವನ್ನು ವಿಶೇಷವಾಗಿ ಗಮನಿಸಿರಿ. ಪ್ಯಾರಾಕ್ವಾಟ್ ಜೇಡಿಮಣ್ಣಿನ ಕಣಗಳಿಗೆ ಬಲವಾಗಿ ಅಂಟಿಕೊಂಡು ನಿಷ್ಕ್ರಿಯವಾಗುತ್ತದೆ. ಕೆಸರು ನೀರಿನಲ್ಲಿ ಬೆರೆಸಿದರೆ ಕಳೆ ಸಾಯುವುದಿಲ್ಲವೆಂದು ದೂರುವುದು ಇದೇ ಕಾರಣದಿಂದ. ತಿಳಿನೀರನ್ನೇ ಬಳಸಬೇಕು. ಮಣ್ಣಿಗೆ ಬಿದ್ದ ಕೂಡಲೇ ಅಡಗುತ್ತದೆ ಎಂಬ ಈ ಮಾತನ್ನೇ ಮುಂದೆ ಮಾಡಿ ಇದೊಂದು ನಿರಪಾಯ ವಸ್ತು ಎಂದು ಹೇಳುವವರಿದ್ದಾರೆ. ಮಣ್ಣಿಗೆ ಅಂಟಿದ್ದು ಅಡಗುತ್ತದೆ ನಿಜ. ಬಾಟಲಿಯಲ್ಲಿರುವುದು, ತೊಟ್ಟಿಯಲ್ಲಿರುವುದು, ಅಂಗಿಯ ಮೇಲೆ ಚೆಲ್ಲಿದ್ದು ಅಡಗುವುದಿಲ್ಲ.

ಮನುಷ್ಯನ ಶರೀರದಲ್ಲಿ

ಎಲೆಯಲ್ಲಿ ನಡೆಯುವ ಸುಡುವಿಕೆಯೇ ಮನುಷ್ಯನ ಶರೀರದಲ್ಲಿಯೂ ನಡೆಯುತ್ತದೆ. ನಮ್ಮ ಶ್ವಾಸಕೋಶದ ಜೀವಕೋಶಗಳಿಗೆ ತಮಗೆ ಬೇಕಾದ ಕೆಲವು ವಸ್ತುಗಳನ್ನು ರಕ್ತದಿಂದ ಸೆಳೆದುಕೊಳ್ಳುವ ವ್ಯವಸ್ಥೆಯೊಂದಿದೆ. ಪ್ಯಾರಾಕ್ವಾಟಿನ ಆಕಾರ ಆ ವಸ್ತುಗಳನ್ನು ಹೋಲುವುದರಿಂದ ಶ್ವಾಸಕೋಶವು ಇದನ್ನೂ ಸೆಳೆದುಕೊಂಡು, ರಕ್ತದಲ್ಲಿರುವುದಕ್ಕಿಂತ ಹಲವು ಪಟ್ಟು ಹೆಚ್ಚು ಸಂಗ್ರಹಿಸುತ್ತದೆ. ಅಲ್ಲಿ ಬೇಕಾದಷ್ಟು ಆಮ್ಲಜನಕ ಸಿದ್ಧವಾಗಿರುತ್ತದೆ. ಕೋಶಗಳು ಬೆಂದು, ಗಾಯ ಮಾಯುವಾಗ ಕಲೆ ಕಟ್ಟುವಂತೆ ಶ್ವಾಸಕೋಶವೆಲ್ಲ ನಾರುಗಟ್ಟಿ ಬಿಗಿಯುತ್ತದೆ. ಇತ್ತ ಮೂತ್ರಪಿಂಡಗಳು ವಿಷವನ್ನು ಹೊರಹಾಕಲು ಹೋಗಿ ತಾವೇ ಕೆಡುತ್ತವೆ. ಯಕೃತ್ತಿಗೂ ಪೆಟ್ಟು ಬೀಳುತ್ತದೆ.

ಹೊಟ್ಟೆಗೆ ಹೋದ ವಿಷದ ಪ್ರಮಾಣ ಬಹಳವಿದ್ದರೆ ಒಂದೆರಡು ದಿನಗಳಲ್ಲೇ ಸಾವು ಸಂಭವಿಸುತ್ತದೆ. ಕಡಿಮೆ ಇದ್ದಲ್ಲಿ ನಡೆಯುವುದು ಬೇರೆ. ಮೊದಲ ದಿನ ವಾಂತಿ, ಹೊಟ್ಟೆನೋವು, ಬಾಯಿ ಗಂಟಲಲ್ಲಿ ಉರಿ. ಮರುದಿನ ನಾಲಿಗೆ, ತುಟಿಯ ಮೇಲೆ ಹುಣ್ಣು. ರೋಗಿಗೆ ಎಚ್ಚರವಿರುತ್ತದೆ, ಮಾತನಾಡುತ್ತಾನೆ, ಗಂಡಾಂತರ ತಪ್ಪಿತೆಂದು ಮನೆಯವರು ಅಂದುಕೊಳ್ಳುತ್ತಾರೆ. ಅನಂತರ ಮೂತ್ರ ಕಡಿಮೆಯಾಗುತ್ತದೆ. ಕೆಲವು ದಿನಗಳಿಂದ ಹಿಡಿದು ಎರಡು ಮೂರು ವಾರಗಳ ಒಳಗೆ ಉಸಿರಾಟ ಕಷ್ಟವಾಗುತ್ತ ಹೋಗುತ್ತದೆ. ಈ ನಡುವಿನ ಸಮಾಧಾನದ ದಿನಗಳನ್ನು ನಂಬಿ ಆಸ್ಪತ್ರೆಗೆ ಹೋಗದೆ ಉಳಿಯುವುದು, ಹೋದವರು ಹಟಮಾಡಿ ಮನೆಗೆ ಮರಳುವುದು, ಎರಡೂ ಕೂಡದು. ಒಂದು ಗುಟುಕು ಮಂದದ್ರಾವಣವೂ ಜೀವ ತೆಗೆಯಬಲ್ಲದು ಎಂಬುದನ್ನು ಮನೆಯ ಪ್ರತಿಯೊಬ್ಬರೂ ತಿಳಿದಿರಲಿ.

ಕುಡಿಯದೆ, ಬರೀ ಸಿಂಪರಿಸುವವರಿಗೆ ಏನಾಗುತ್ತದೆ ಎಂದು ಕೇಳಬಹುದು. ಗಾಯವಿಲ್ಲದ ಒಣ ಚರ್ಮದ ಮೂಲಕ ಇದು ಒಳಹೋಗುವುದು ಕಡಿಮೆ. ಆದರೆ ಮಂದದ್ರಾವಣ ತಾಗಿದರೆ ಚರ್ಮವೇ ಕೆರಳಿ ಬೊಬ್ಬೆ ಏಳುತ್ತದೆ. ಬೊಬ್ಬೆ ಒಡೆದ ಮೇಲೆ ದಾರಿ ತೆರೆದಂತಾಯಿತು. ಸೋರುವ ಪಂಪನ್ನು ಬೆನ್ನಿಗೇರಿಸಿ ಗಂಟೆಗಟ್ಟಲೆ ಒದ್ದೆ ಬಟ್ಟೆಯಲ್ಲಿ ದುಡಿದವರು ಸತ್ತ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಕೈಗವಸಿಲ್ಲದೆ ಅಳೆದು ಸುರಿಯುವವರ ಉಗುರುಗಳು ಬಣ್ಣಗೆಟ್ಟು, ಸೀಳಿ, ಕೆಲವೊಮ್ಮೆ ಕಳಚಿ ಬೀಳುತ್ತವೆ. ಹನಿಗಳು ಮೂಗಿಗೆ ಹೋದರೆ ಮೂಗಿನಿಂದ ರಕ್ತ ಬರುತ್ತದೆ. ಹಲವು ವರ್ಷ ಇದರೊಂದಿಗೆ ಒಡನಾಡಿದವರಲ್ಲಿ ಕೈಕಾಲು ನಡುಗುವ ಪಾರ್ಕಿನ್‌ಸನ್ ಕಾಯಿಲೆಯ ಸಂಭವ ಹೆಚ್ಚೆಂದು ಕೆಲವು ಅಧ್ಯಯನಗಳು ಸೂಚಿಸಿವೆ. ಕಾರಣ ಇದೇ ಎಂದು ಇನ್ನೂ ಸಿದ್ಧಪಟ್ಟಿಲ್ಲ.

ಇವೆಲ್ಲದರಿಂದಾಗಿ ಹಲವು ದೇಶಗಳು ಇದನ್ನು ಕೈಬಿಟ್ಟಿವೆ. ಐರೋಪ್ಯ ಒಕ್ಕೂಟದಲ್ಲಿ 2007ರ ನ್ಯಾಯಾಲಯದ ತೀರ್ಪಿನಿಂದ ಇದರ ಅನುಮತಿ ರದ್ದಾಯಿತು. ನೆರೆಯ ಕೇರಳ 2011ರಲ್ಲಿ ನಿಷೇಧಿಸಿತು. ದಕ್ಷಿಣ ಕೊರಿಯಾದಲ್ಲಿ 2012ರ ಕೊನೆಗೆ ಮಾರಾಟ ನಿಂತ ಮೇಲೆ ಕೃಷಿ ವಿಷದಿಂದ ಸಾಯುವವರ ಸಂಖ್ಯೆ ಸ್ಪಷ್ಟವಾಗಿ ಇಳಿಯಿತು. ಬೆಳೆಗಳ ಇಳುವರಿ ಇಳಿಯಲಿಲ್ಲ. ಈ ಕೊನೆಯ ಮಾತು ನಮ್ಮ ರೈತರೂ ಯೋಚಿಸತಕ್ಕದ್ದಾಗಿದೆ.

ಕೊಳ್ಳುವಾಗ

ಕಳೆನಾಶಕಗಳೂ 1968ರ ಕೀಟನಾಶಕ ಕಾಯಿದೆಯ ವ್ಯಾಪ್ತಿಗೆ ಸೇರಿವೆ. ಪರವಾನಗಿ ಪಡೆದ ಅಂಗಡಿಯಲ್ಲಿ, ಮೊಹರು ಒಡೆಯದ ಡಬ್ಬಿಯನ್ನು, ರಸೀದಿ ಪಡೆದು ಕೊಳ್ಳಿರಿ. ಬಿಡಿಯಾಗಿ ಅಳೆದು ಕೊಡುವುದನ್ನು ಎಷ್ಟು ಅಗ್ಗವಾದರೂ ಕೊಳ್ಳಬೇಡಿ.

ಡಬ್ಬಿಯ ಲೇಬಲ್ಲಿನ ಮೇಲೆ ಮೂಲೆಯ ಮೇಲೆ ನಿಲ್ಲಿಸಿದ ಚೌಕವೊಂದಿರುತ್ತದೆ. ಅದರ ಕೆಳಗಿನ ತ್ರಿಕೋನದ ಬಣ್ಣ ವಿಷದ ತೀವ್ರತೆಯನ್ನು ತಿಳಿಸುತ್ತದೆ. ಕೆಂಪು ಬಣ್ಣ ಅತಿ ತೀವ್ರ ವಿಷಕ್ಕೆ, ಹಳದಿ ಅದರ ನಂತರದ್ದಕ್ಕೆ, ಆಮೇಲೆ ನೀಲಿ, ಕೊನೆಗೆ ಹಸಿರು. ಪ್ಯಾರಾಕ್ವಾಟ್ ಹಳದಿ ಗುಂಪಿನದು. ಹಳದಿ ಎಂದರೆ ಕೆಂಪಿಗಿಂತ ವಾಸಿಯಲ್ಲವೇ ಎಂದು ಸಮಾಧಾನಪಟ್ಟುಕೊಳ್ಳಬೇಡಿ. ಬಣ್ಣವನ್ನು ನಿರ್ಧರಿಸುವುದು ಪ್ರಾಣಿಗಳನ್ನು ಕೊಲ್ಲಲು ಬೇಕಾದ ಪ್ರಮಾಣವನ್ನು ನೋಡಿ. ಚಿಕಿತ್ಸೆ ಉಂಟೋ ಇಲ್ಲವೋ ಎಂಬುದನ್ನು ಅದು ಹೇಳುವುದಿಲ್ಲ. ಕೆಂಪು ಬಣ್ಣದ ಎಷ್ಟೋ ಕೀಟನಾಶಕಗಳಿಗೆ ಪ್ರತಿವಿಷವುಂಟು, ಈ ಹಳದಿಗೆ ಇಲ್ಲ.

ಡಬ್ಬಿಯೊಂದಿಗೆ ಕೊಡುವ ಮಡಿಸಿದ ಚೀಟಿಯನ್ನು ಬಿಸಾಡದೆ ಓದಿರಿ, ಅಕ್ಷರ ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ. ನಿಮ್ಮ ಬೆಳೆಯ ಹೆಸರು ಅದರಲ್ಲಿ ಇಲ್ಲದಿದ್ದರೆ ಆ ಬೆಳೆಗೆ ಬಳಸತಕ್ಕದ್ದಲ್ಲ. ಸಂದೇಹವಿದ್ದಲ್ಲಿ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಅಂಗಡಿಯವರ ಬಾಯಿಮಾತಿನ ಶಿಫಾರಸನ್ನು ಇಂತಹ ವಿಷಯದಲ್ಲಿ ನೆಚ್ಚಬಾರದು.

ಅಳೆಯುವಾಗಲೇ ಹೆಚ್ಚು ಅಪಾಯ

ಉದಾಹರಣೆಗೆ, ಲೇಬಲ್ಲಿನಲ್ಲಿ ನಿಮ್ಮ ಬೆಳೆಗೆ ಹೆಕ್ಟೇರಿಗೆ 2 ಲೀಟರ್ ವಿಷ, 500 ಲೀಟರ್ ನೀರು ಎಂದಿದೆ ಎಂದುಕೊಳ್ಳಿ. ಎಕರೆಗೆ 800 ಮಿಲಿಲೀಟರ್ ವಿಷ, 200 ಲೀಟರ್ ನೀರು ಆಯಿತು. 16 ಲೀಟರಿನ ಕೈಪಂಪಿಗೆ ಬೇಕಾದುದು 64 ಮಿಲಿಲೀಟರ್. ಎಂದರೆ ಬಾಟಲಿಯಲ್ಲಿರುವುದು ಪಂಪಿನಲ್ಲಿರುವುದಕ್ಕಿಂತ 250 ಪಟ್ಟು ಪ್ರಬಲ. ದಿನವಿಡೀ ಸಿಂಪರಿಸುವಾಗ ಮೈಮೇಲೆ ಬೀಳುವ ತೆಳು ಹನಿಗಳಿಗಿಂತ, ಒಂದು ನಿಮಿಷದ ಅಳತೆಯಲ್ಲಿ ಕೈಮೇಲೆ ಚೆಲ್ಲುವ ನಾಲ್ಕು ಹನಿ ಹೆಚ್ಚು ಕೆಟ್ಟದ್ದು. ಆದರೂ ನಾವು ಕಾಣುವುದೇನು? ಸಿಂಪರಿಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವಾತ ಅಳೆಯುವಾಗ ಬರಿಗೈ. ಹಲವೆಡೆ ಅಳೆಯುವುದು, ನೀರು ಹೊತ್ತು ಬೆರೆಸುವುದು ಮನೆಯ ಹೆಂಗಸರ ಕೆಲಸ. ಅವರಿಗೆ ಕೈಗವಸೂ ಇಲ್ಲ, ಅಳತೆಗೆ ಅಡುಗೆಮನೆಯ ಲೋಟ.

ಅಳತೆಗೆ ಗುರುತು ಹಾಕಿದ ಪ್ಲಾಸ್ಟಿಕ್ ಲೋಟವೊಂದನ್ನು ಬೇರೆಯೇ ಇಟ್ಟು, ಅದು ಪಂಪಿನ ಜೊತೆಗೇ ಇರುವಂತೆ ನೋಡಿಕೊಳ್ಳಿ. ರಬ್ಬರಿನ ಉದ್ದ ಕೈಗವಸು ತೊಡಬೇಕು. ಬಟ್ಟೆಯ ಕೈಗವಸು ವಿಷವನ್ನು ಹೀರಿ ಚರ್ಮಕ್ಕೆ ಹಿಡಿದಿಡುವುದರಿಂದ ಬರಿಗೈಗಿಂತಲೂ ಕಡೆ. ಕಣ್ಣು ಮುಖ ಮುಚ್ಚುವ ಪಾರದರ್ಶಕ ಹಾಳೆ ಅಥವಾ ಕನ್ನಡಕ ಬೇಕು. ಪಂಪಿಗೆ ಮೊದಲು ಅರ್ಧ ನೀರು, ಆಮೇಲೆ ಅಳೆದ ವಿಷ, ಕೊನೆಗೆ ಉಳಿದ ನೀರು, ಕೋಲಿನಿಂದ ಕಲಕಬೇಕು. ಕಬ್ಬಿಣದ ತಗಡು, ಅಲ್ಯೂಮಿನಿಯಂ ಪಾತ್ರೆಗಳನ್ನು ಈ ದ್ರಾವಣ ತಿನ್ನುತ್ತದೆ, ಅವುಗಳಲ್ಲಿ ಬೆರೆಸಬೇಡಿ. ಸೋಪಿನ ಪುಡಿ, ಉಪ್ಪು ಬೆರೆಸುವ ರೂಢಿ ಕೆಲವೆಡೆ ಇದೆ. ಸೋಪಿನ ಪುಡಿ ಇದರೊಂದಿಗೆ ಹೊಂದುವುದಿಲ್ಲ, ಉಪ್ಪಿಗೆ ಲೇಬಲ್ಲಿನಲ್ಲಿ ಶಿಫಾರಸಿಲ್ಲ, ಬಿಟ್ಟುಬಿಡಿ.

ಸಿಂಪರಣೆ

ಹಿಂದಿನ ದಿನವೇ ಪಂಪಿಗೆ ಬರಿ ನೀರು ತುಂಬಿ ಒಮ್ಮೆ ಹೊಡೆದು ನೋಡಿ. ವಾಷರ್ ಸವೆದು ಸೋರುತ್ತಿದ್ದರೆ ಬದಲಾಯಿಸಿ. ಕೆಲವೇ ರೂಪಾಯಿಯ ವಾಷರ್ ಹಾಕದೆ ದಿನವಿಡೀ ಬೆನ್ನು, ಸೊಂಟ, ತೊಡೆ ನೆನೆಸಿಕೊಳ್ಳುವುದು ಎಲ್ಲ ಕಡೆ ಕಂಡುಬರುವ ಉಪೇಕ್ಷೆ. ಮೇಲೆ ಹೇಳಿದ ಸಾವುಗಳ ಮೂಲ ಇಂತಹದೇ ಸೋರಿಕೆ.

ತುಂಬುತೋಳಿನ ಅಂಗಿ, ಉದ್ದ ಷರಾಯಿ, ಮೊಣಕಾಲವರೆಗಿನ ಗಂಬೂಟು ಇರಲಿ. ಷರಾಯಿಯ ತುದಿ ಬೂಟಿನ ಹೊರಗಿರಬೇಕು, ಒಳಗಿದ್ದರೆ ಇಳಿಯುವ ಹನಿಗಳೆಲ್ಲ ಬೂಟಿನಲ್ಲಿ ನಿಲ್ಲುತ್ತವೆ. ಮೂಗು ಬಾಯಿಗೆ ಮುಸುಕು ಬೇಕು. ಕಳೆ ಸೊಂಟದೆತ್ತರ ಬೆಳೆದಿದ್ದರೆ ಸಿಂಪರಿಸುತ್ತ ಅದರೊಳಗೆ ನಡೆಯುವುದೆಂದರೆ ವಿಷದಲ್ಲಿ ಮೀಯುವುದೆಂದೇ ಅರ್ಥ. ಮೊದಲು ಕೊಚ್ಚಿ, ಮರುಚಿಗುರು ಗೇಣುದ್ದ ಬಂದಾಗ ಸಿಂಪರಿಸಿ. ವಿಷವೂ ಕಡಿಮೆ ಸಾಕು. ತುದಿಯನ್ನು ನೆಲಕ್ಕೆ ಹತ್ತಿರ ಹಿಡಿದು, ಅಡ್ಡಗಾಳಿಯಲ್ಲಿ, ನೆನೆದ ಕಳೆಯನ್ನು ತುಳಿಯದಂತೆ ಸಾಗಬೇಕು. ಗಾಳಿ ಜೋರಾದರೆ ನಿಲ್ಲಿಸಿ. ಹನಿ ದಪ್ಪವಾಗಿ ಬೀಳುವ ಕಳೆನಾಶಕದ ನಾಸಲ್ಲನ್ನೇ ಹಾಕಬೇಕು; ಕೀಟನಾಶಕದ ಮಂಜಿನಂತಹ ಹನಿ ಇಲ್ಲಿ ಬೇಡ. ಅದು ನಿಮ್ಮ ಮೂಗಿಗೂ ಪಕ್ಕದವರ ಬೆಳೆಗೂ ಹೋಗುತ್ತದೆ. ನಾಸಲ್ ಕಟ್ಟಿಕೊಂಡರೆ ಬಾಯಿಂದ ಊದಬಾರದು. ಮೃದುವಾದ ಕಡ್ಡಿಯಿಂದಲೋ ನೀರಿನಿಂದಲೋ ಬಿಡಿಸಬೇಕು.

ಬಿಸಿಲಿದ್ದರೆ ಕಳೆ ಬೇಗ ಸಾಯುತ್ತದೆಂದು ನಡುಮಧ್ಯಾಹ್ನ ಸಿಂಪರಿಸುವವರುಂಟು. ಬಿಸಿಲು ಬೇಕಾದುದು ಕಳೆಗೆ. ಸಂಜೆ ಸಿಂಪರಿಸಿದರೂ ಮರುದಿನದ ಬಿಸಿಲಿಗೆ ಅದು ಒಣಗುತ್ತದೆ. ಮಧ್ಯಾಹ್ನದ ಸೆಕೆಯಲ್ಲಿ ಮುಸುಕು, ಕೈಗವಸುಗಳನ್ನು ಯಾರೂ ಅರ್ಧ ಗಂಟೆಗಿಂತ ಹೆಚ್ಚು ತೊಟ್ಟಿರಲಾರರು, ಕಿತ್ತೆಸೆಯುತ್ತಾರೆ.

ನಡುವೆ ಬೀಡಿ, ಎಲೆಅಡಿಕೆ, ಊಟ ಕೂಡದು. ಮೂತ್ರಕ್ಕೆ ಹೋಗುವ ಮೊದಲೂ ಸೋಪು ಹಚ್ಚಿ ಕೈ ತೊಳೆಯಬೇಕು. ಆ ಭಾಗದ ತೆಳುಚರ್ಮ ವಿಷವನ್ನು ಬೇಗ ಒಳಬಿಡುತ್ತದೆ. ಕೈಕಾಲಲ್ಲಿ ಗಾಯ, ಹುಣ್ಣು ಇರುವವರು, ಗರ್ಭಿಣಿಯರು, ಮಕ್ಕಳು ಈ ಕೆಲಸದ ಹತ್ತಿರಕ್ಕೂ ಬರಬಾರದು. ಕೂಲಿಯವರಿಂದ ಸಿಂಪರಿಸುವುದಾದರೆ ರಕ್ಷಣಾ ಉಡುಪು ಕೊಡುವುದು ಜಮೀನಿನ ಯಜಮಾನರ ಹೊಣೆ. “ಕೊಟ್ಟರೂ ತೊಡುವುದಿಲ್ಲ” ಎಂಬ ಉತ್ತರ ಎಲ್ಲೆಡೆ ಕೇಳಿಬರುತ್ತದೆ. ಅವರ ಅಳತೆಗೆ ಸರಿಯಾದುದನ್ನು ಕೊಟ್ಟು, ಬೆಳಗಿನ ತಂಪಿನಲ್ಲಿ ಕೆಲಸ ಮುಗಿಸಿಬಿಟ್ಟರೆ ತೊಡುತ್ತಾರೆ.

ಸಿಂಪರಿಸಿದ ಹುಲ್ಲನ್ನು ದನಕರುಗಳಿಗೆ ಕೊಯ್ಯಬಾರದು, ದನಗಳನ್ನು ಅಲ್ಲಿ ಬಿಡಲೂಬಾರದು. ತೋಟದಲ್ಲಿ ಹುಲ್ಲು ಕೊಯ್ಯಲು ಬರುವ ನೆರೆಯವರಿಗೆ ಮುಂಚೆಯೇ ತಿಳಿಸಿರಿ. ಕೆಲಸ ಮುಗಿದ ಮೇಲೆ ಪಂಪನ್ನು ಕೆರೆ, ಹಳ್ಳ, ಬಾವಿಕಟ್ಟೆಯ ಬಳಿ ತೊಳೆಯದೆ, ಸಿಂಪರಿಸಿದ ಜಾಗದಲ್ಲಿಯೇ ತೊಳೆದು ಆ ನೀರನ್ನು ಅಲ್ಲಿನ ಮಣ್ಣಿಗೇ ಬಿಡಿ. ಮಣ್ಣಿಗೆ ಅಂಟುವ ಗುಣ ಇಲ್ಲಿ ಉಪಕಾರಕ್ಕೆ ಬರುತ್ತದೆ. ಕಳೆನಾಶಕದ ಪಂಪನ್ನು ಬೆಳೆಗೆ ಕೀಟನಾಶಕ ಹೊಡೆಯಲು ಬಳಸಬೇಡಿ. ಕೈಗವಸನ್ನು ಕಳಚುವ ಮೊದಲು ಅದನ್ನು ತೊಳೆಯಿರಿ, ಆಮೇಲೆ ಸ್ನಾನ. ಆ ಬಟ್ಟೆಗಳನ್ನು ಮನೆಯವರ ಬಟ್ಟೆಯೊಂದಿಗೆ ಸೇರಿಸದೆ ಬೇರೆಯೇ ಒಗೆಯಬೇಕು.

ಇಡುವ ಜಾಗ

ಪ್ಯಾರಾಕ್ವಾಟಿನ ಅಪಘಾತಗಳಲ್ಲಿ ಅತಿ ಹಳೆಯದು, ಇಂದಿಗೂ ನಿಲ್ಲದ್ದು, ಬಾಟಲಿ ಬದಲಾಯಿಸುವುದರಿಂದ ಆಗುವಂಥದು. ಉಳಿದ ಅರ್ಧ ಲೀಟರನ್ನು ಷರಬತ್ತಿನ ಬಾಟಲಿಗೋ ಸಾರಾಯಿ ಸೀಸೆಗೋ ತುಂಬಿ ಜಗಲಿಯ ಮೂಲೆಯಲ್ಲಿಡುತ್ತಾರೆ. ದ್ರಾವಣದ ಬಣ್ಣ ಕಡು. ಕತ್ತಲಲ್ಲಿ ಬಾಯಾರಿ ಬಂದವರು, ಮಕ್ಕಳು ಮೋಸ ಹೋಗುತ್ತಾರೆ. ಇಂತಹ ಸಾವುಗಳನ್ನು ಕಂಡೇ ಮೂಲ ತಯಾರಕರು 1970ರ ದಶಕದಿಂದ ಇದಕ್ಕೆ ವಾಂತಿ ತರುವ ವಸ್ತು, ದುರ್ವಾಸನೆ, ನೀಲಿ ಬಣ್ಣಗಳನ್ನು ಸೇರಿಸತೊಡಗಿದರು. ಎಲ್ಲ ತಯಾರಿಕೆಗಳಲ್ಲಿಯೂ ಇವು ಇರುತ್ತವೆಂದು ನಂಬಿ ಕೂರಬಾರದು. ವಾಸನೆ ಇದ್ದರೂ ಗುಟುಕು ಒಳಗೆ ಹೋದ ಮೇಲೆಯೇ ಅದು ತಿಳಿಯುವುದು. ಮೂಲ ಡಬ್ಬಿಯಿಂದ ಬೇರೆ ಯಾವುದಕ್ಕೂ, ಒಂದು ದಿನದ ಮಟ್ಟಿಗೂ ಸುರಿಯಬೇಡಿ.

ಇನ್ನೊಂದು ವಿಷಯ ಹೇಳಲು ಕಷ್ಟ, ಹೇಳದೆ ಬಿಡುವಂತಿಲ್ಲ. ಹಳ್ಳಿಗಳಲ್ಲಿ ಕೃಷಿ ವಿಷದಿಂದಾಗುವ ಸಾವುಗಳಲ್ಲಿ ಬಹುಪಾಲು ಅಪಘಾತವಲ್ಲ. ಸಾಲದ ಚಿಂತೆ, ಮನೆಯ ಜಗಳ, ಪರೀಕ್ಷೆಯ ಸೋಲು, ಯಾವುದೋ ಒಂದು ಗಳಿಗೆಯ ಆವೇಶ. ಆಗ ಕೈಗೆಟಕುವಂತೆ ವಿಷ ಇರುತ್ತದೆ. ಆ ಗಳಿಗೆ ದಾಟಿದರೆ ಹೆಚ್ಚಿನವರು ಬದುಕನ್ನೇ ಆರಿಸಿಕೊಳ್ಳುತ್ತಾರೆಂಬುದು ವೈದ್ಯರ ಅನುಭವ. ಆದುದರಿಂದ ಬೇಕಾದಷ್ಟನ್ನೇ ಕೊಂಡು ಅಂದೇ ಮುಗಿಸುವುದು ಎಲ್ಲಕ್ಕಿಂತ ಒಳ್ಳೆಯದು. ಉಳಿದರೆ ವಾಸದ ಮನೆಯಲ್ಲಿಡದೆ, ಬೀಗ ಹಾಕಿದ ಪೆಟ್ಟಿಗೆಯಲ್ಲಿ ದೂರವಿಡಿ. ಬೀಗದ ಕೈ ಒಬ್ಬರೇ ಜವಾಬ್ದಾರರ ಬಳಿ ಇರಲಿ. ಮನೆಯಲ್ಲಿ ಯಾರಾದರೂ ಬಹಳ ಕುಗ್ಗಿಹೋಗಿದ್ದಾರೆಂದು ತೋರಿದರೆ ಉಳಿದ ವಿಷವನ್ನು ಮನೆ ಜಮೀನುಗಳಿಂದಲೇ ಸಾಗಿಸಿ, ಅವರೊಡನೆ ಕುಳಿತು ಮಾತನಾಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಿಯೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಖಾಲಿ ಡಬ್ಬಿಗೆ ನೀರು ಹಾಕಿ ಮೂರು ಬಾರಿ ಕುಲುಕಿ, ಆ ನೀರನ್ನು ಪಂಪಿಗೇ ಸುರಿದು ಸಿಂಪರಿಸಿಬಿಡಿ. ಅನಂತರ ಡಬ್ಬಿಯ ತಳಕ್ಕೆ ತೂತು ಹೊಡೆಯಿರಿ. ಸೀಮೆಎಣ್ಣೆಗೋ ನೀರಿಗೋ ಆಗುತ್ತದೆಂದು ಎತ್ತಿಡುವ ಚೆಂದದ ಪ್ಲಾಸ್ಟಿಕ್ ಕ್ಯಾನು ಎಷ್ಟೋ ಮನೆಗಳಲ್ಲಿದೆ. ಅದಕ್ಕೆ ತೂತು ಬೀಳಲೇಬೇಕು.

ಸಿಂಪರಿಸಲೇಬೇಕೇ?

ಎಳೆಯ ಕಳೆಗೆ ಎಡೆಕುಂಟೆ, ಬೆಳೆದ ಕಳೆಗೆ ಹುಲ್ಲು ಕತ್ತರಿಸುವ ಯಂತ್ರ, ತೋಟದ ಬುಡಕ್ಕೆ ತರಗೆಲೆಯ ಹೊದಿಕೆ, ಸಾಲಿನ ನಡುವೆ ಅಲಸಂದೆಯಂತಹ ಹೊದಿಕೆ ಬೆಳೆ: ಇವು ಕಳೆಯನ್ನು ಪೂರ್ತಿ ಅಳಿಸಲಾರವು, ಹತೋಟಿಯಲ್ಲಿಡಬಲ್ಲವು. ಮಲೆನಾಡಿನ ಇಳಿಜಾರಿನಲ್ಲಿ ಮಳೆಗಾಲದ ನಡುವೆ ನೆಲವನ್ನು ಬೋಳು ಮಾಡುವುದು ಮಣ್ಣು ಕೊಚ್ಚಿಹೋಗಲು ದಾರಿ. ಅಲ್ಲಿ ಕಳೆಯನ್ನು ಗೇಣೆತ್ತರಕ್ಕೆ ಕತ್ತರಿಸಿ ಬಿಡುವುದೇ ಮೇಲು. ಯಂತ್ರವನ್ನು ನಾಲ್ಕೈದು ರೈತರು ಕೂಡಿ ಕೊಂಡರೆ ಖರ್ಚು ಹಂಚಿಹೋಗುತ್ತದೆ.

ವಿಷ ತಾಗಿದರೆ

ಯಾರಾದರೂ ನುಂಗಿದ್ದಾರೆಂದು ಸಂಶಯ ಬಂದರೂ ಸಾಕು, ಲಕ್ಷಣಕ್ಕಾಗಿ ಕಾಯದೆ ದೊಡ್ಡ ಆಸ್ಪತ್ರೆಗೆ ಕೊಂಡೊಯ್ಯಿರಿ, 108ಕ್ಕೆ ಕರೆಮಾಡಿ. ಉಪ್ಪುನೀರು ಕುಡಿಸುವುದು, ಬಾಯಿಗೆ ಬೆರಳು ಹಾಕುವುದು ಬೇಡ. ಸುಟ್ಟ ಗಂಟಲನ್ನು ಅದು ಇನ್ನಷ್ಟು ಸುಡುತ್ತದೆ. ಡಬ್ಬಿಯನ್ನು, ಕನಿಷ್ಠ ಲೇಬಲ್ಲನ್ನು ಜೊತೆಗೊಯ್ಯಲೇಬೇಕು. ಕೀಟನಾಶಕ ಕುಡಿದವರಿಗೆ ಕೊಡುವ ಅಟ್ರೋಪಿನ್ ಚುಚ್ಚುಮದ್ದು ಇದಕ್ಕೆ ಮದ್ದಲ್ಲ. ಸಾಮಾನ್ಯವಾಗಿ ಉಸಿರು ಕಟ್ಟಿದವರಿಗೆ ಕೊಡುವ ಆಮ್ಲಜನಕವನ್ನೂ ಇಲ್ಲಿ ಆರಂಭದಲ್ಲಿ ಅಳೆದು ತೂಗಿಯೇ ಕೊಡಬೇಕಾಗುತ್ತದೆ, ಏಕೆಂದರೆ ಆಮ್ಲಜನಕವೇ ಈ ವಿಷದ ಸುಡುವಿಕೆಗೆ ಸೌದೆ. ಆದುದರಿಂದ “ಏನೋ ಔಷಧಿ ಕುಡಿದಿದ್ದಾನೆ” ಎಂದರೆ ಸಾಲದು. ಹೆಸರು, ಕುಡಿದ ಹೊತ್ತು, ಅಂದಾಜು ಪ್ರಮಾಣ ತಿಳಿಸಬೇಕು. ಲೇಬಲ್ ಸಿಗದಿದ್ದರೆ ವೈದ್ಯರು ಮೂತ್ರಕ್ಕೆ ಒಂದು ಸರಳ ಪರೀಕ್ಷೆ ಮಾಡಿ, ಅದು ನೀಲಿಗೆ ತಿರುಗುವುದನ್ನು ನೋಡಿ ವಿಷವನ್ನು ಗುರುತಿಸಬಲ್ಲರು. ಮೊದಲ ಒಂದೆರಡು ಗಂಟೆಗಳಲ್ಲಿ ತಲುಪಿದರೆ ಇದ್ದಿಲ ಪುಡಿ ಅಥವಾ ವಿಶೇಷ ಜೇಡಿಮಣ್ಣನ್ನು ಹೊಟ್ಟೆಗೆ ಕೊಟ್ಟು, ಕೆಸರು ನೀರಿನಲ್ಲಿ ಕಳೆನಾಶಕ ಕೆಡುವ ರೀತಿಯಲ್ಲಿಯೇ ವಿಷವನ್ನು ಅಂಟಿಸಿ ಹಿಡಿಯಲು ಅವರು ಯತ್ನಿಸುತ್ತಾರೆ. ಹೊತ್ತು ಕಳೆದಂತೆ ಇದರಿಂದ ಫಲ ಕಡಿಮೆ.

ಮೈಮೇಲೆ ಚೆಲ್ಲಿದರೆ ಬಟ್ಟೆಯನ್ನು ಆ ಕ್ಷಣವೇ ಕಳಚಿ, ಉಜ್ಜಿ ಕೆರೆಯದೆ, ಸೋಪು ಮತ್ತು ಧಾರಾಳ ನೀರಿನಿಂದ ತೊಳೆಯಿರಿ. ಬೊಬ್ಬೆ ಎದ್ದರೆ ವೈದ್ಯರಿಗೆ ತೋರಿಸಬೇಕು. ಕಣ್ಣಿಗೆ ಹಾರಿದರೆ ರೆಪ್ಪೆಯನ್ನು ಬಿಡಿಸಿ ಹಿಡಿದು ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆಯಬೇಕು. ಆಗ ಉರಿ ಕಡಿಮೆ ಎನಿಸಿದರೂ ಅಂದೇ ಕಣ್ಣಿನ ವೈದ್ಯರಲ್ಲಿಗೆ ಹೋಗಿರಿ. ಈ ವಿಷದಿಂದ ಕಣ್ಣಿಗಾಗುವ ಹಾನಿ ತೀವ್ರವಾಗುವುದು ಅರ್ಧ ದಿನ, ಒಂದು ದಿನ ಕಳೆದ ಮೇಲೆ.